ಅಂಚೆಯಿಂದ ಸ್ವಾನ್‌ವರೆಗೆ: ‘ಸರ್ವರ್ ಡೌನ್’ ಅನ್ನೋ ಮಾತಿನ ಹಿಂದಿನ ಕಥೆ



ಇವತ್ತಿನ ಕಥೆ ಎರಡೇ ಎರಡು ಪದದ್ದು. ‘ಸರ್ವರ್ ಡೌನ್.’ ಈ ಪದ ಕೇಳದೇ ಇರೋರು ನಮ್ಮ ಕಡೆ ಯಾರಾದ್ರೂ ಇದ್ದಾರಾ? ಪಿಯುಸಿ ಮುಗಿಸಿದ ವರ್ಷ ಸ್ಕಾಲರ್‌ಶಿಪ್ ಅರ್ಜಿಗೆ ನನಗೊಂದು ಆದಾಯ ಪ್ರಮಾಣಪತ್ರ ಬೇಕಿತ್ತು. ಯಾವ ಊರು, ಯಾವ ಕಚೇರಿ ಅಂತ ಹೇಳಲ್ಲ, ಅದು ಇಲ್ಲಿ ಮುಖ್ಯ ಅಲ್ಲ. ಅಪ್ಪ ಬೆಳಗ್ಗೆ ಹಿಪ್ಪುನೇರಳೆ ಸೊಪ್ಪು ಕುಯ್ದು, ಹುಳುಗಳಿಗೆ ಹಾಕಿ, ಅದಾದ್ಮೇಲೆ ಹೊರಡೋರು. ಮೂರು ದಿನ ಹೋದ್ರು. ಮೂರು ದಿನವೂ ಒಂದೇ ಉತ್ತರ. ಸಾಲಲ್ಲಿ ನಿಂತಿದ್ದ ಒಬ್ಬ ಅಜ್ಜಿ ಹಿಂದಿನವರಿಗೆ ತಿರುಗಿ, ನಮ್ಮ ಕೋಲಾರದ ತೆಲುಗಿನಲ್ಲಿ, “ಸರ್ವರ್ ಲೇದಂಟಮ್ಮಾ” ಅಂತ ಹೇಳಿ ಚೀಲ ಎತ್ಕೊಂಡು ಹೊರಟುಬಿಟ್ರಂತೆ. ಸರ್ವರ್ ಅಂದ್ರೆ ಯಾರೋ ರಜೆ ಹಾಕಿರೋ ಸಾಹೇಬ್ರು ಇರಬೇಕು ಅನ್ನೋ ಥರ.

ನಾಲ್ಕನೇ ದಿನ ಸರ್ವರ್ ಬಂತು. ಕೊನೇ ದಿನಾಂಕ ಮೂರನೇ ದಿನಕ್ಕೇ ಮುಗಿದಿತ್ತು. ಆ ವರ್ಷದ ಸ್ಕಾಲರ್‌ಶಿಪ್ ಹೋಯ್ತು.

ಕೌಂಟರ್‌ನಲ್ಲಿದ್ದ ಹುಡುಗ ಅಪ್ಪನಿಗೆ ಹೇಳಿದ್ದು, “ನಮ್ ಕೈಲಿ ಏನಿಲ್ಲ ಯಜಮಾನ್ರೇ, ಮೇಲಿಂದ ಬರಬೇಕು.” ಅವನು ಹೇಳಿದ್ದು ನಿಜವೇ. ಆದ್ರೆ ಆ ‘ಮೇಲೆ’ ಅನ್ನೋದು ಎಲ್ಲಿದೆ? ಕೋಲಾರದಲ್ಲಾ, ಬೆಂಗಳೂರಲ್ಲಾ, ದೆಹಲಿಯಲ್ಲಾ? ಸರ್ಕಾರದ ಇಷ್ಟೊಂದು ಇಲಾಖೆಗಳು ಒಂದೇ ತಂತಿ ಹಂಚಿಕೊಂಡಿದ್ದು ಯಾವಾಗಿಂದ, ಯಾಕೆ? ಈ ಸಂಚಿಕೆ ಅದರ ಬಗ್ಗೆ.

ಹಂಸದ ಹೆಸರಿನ ಮೊದಲ ಜಾಲ

ಸರ್ಕಾರಕ್ಕೆ ತನ್ನದೇ ಸುದ್ದಿಜಾಲ ಬೇಕು ಅನ್ನೋದು ಕಂಪ್ಯೂಟರ್ ಕಾಲದ ಐಡಿಯಾ ಏನಲ್ಲ. 17ನೇ ಶತಮಾನದ ಕೊನೆಯ ಭಾಗದಲ್ಲಿ ಮೈಸೂರನ್ನು ಆಳಿದ ಚಿಕ್ಕದೇವರಾಜ ಒಡೆಯರು ಒಂದು ವ್ಯವಸ್ಥೆ ಕಟ್ಟಿದ್ರು. ಅದರ ಹೆಸರು ಅಂಚೆ. ಓಟಗಾರರು ಹಂತ ಹಂತವಾಗಿ ಕಾಗದ ದಾಟಿಸೋದು. ಮೊದಲು ಅದು ಸಾರ್ವಜನಿಕರ ಪ್ರೇಮಪತ್ರಕ್ಕಲ್ಲ, ಆಡಳಿತಕ್ಕೆ. ಆದೇಶ ಕೆಳಗೆ ಹೋಗ್ಬೇಕು, ಸುದ್ದಿ ಮೇಲೆ ಬರಬೇಕು. ಅಂಚೆಯವರು ಆಯಾ ಊರಿನಲ್ಲಿ ಏನು ನಡೀತಿದೆ ಅಂತ ಅರಮನೆಗೆ ವರದಿ ಕೊಡೋ ಕೆಲಸವನ್ನೂ ಮಾಡ್ತಿದ್ರು. ಅಂದ್ರೆ ಪೋಸ್ಟ್‌ಮ್ಯಾನೂ ಅವರೇ, ಗುಪ್ತಚರರೂ ಅವರೇ. ಒಂದೇ ಜಾಲ, ಎರಡು ಇಲಾಖೆಯ ಕೆಲಸ.

ಮೈಸೂರಿಗೆ ತನ್ನದೇ ಅಂಚೆ ಇದ್ದದ್ದು 1889ರವರೆಗೆ. ಆ ವರ್ಷ ಅದನ್ನು ಬ್ರಿಟಿಷ್ ಇಂಡಿಯಾದ ಅಂಚೆ ಜೊತೆ ಸೇರಿಸಿದ್ರು. ಸಂಸ್ಥೆ ಹೋಯ್ತು, ಪದ ಉಳೀತು. ಇವತ್ತಿಗೂ ಪೋಸ್ಟ್ ಆಫೀಸ್ ಬೋರ್ಡ್ ಮೇಲೆ ನಾವು ಓದೋದು ‘ಅಂಚೆ ಕಚೇರಿ’ ಅಂತಲೇ. ಹಳೆಗನ್ನಡದಲ್ಲಿ ಅಂಚೆ ಅಂದ್ರೆ ಹಂಸ ಅನ್ನೋ ಅರ್ಥವೂ ಇದೆ. ಇದನ್ನ ಸ್ವಲ್ಪ ನೆನಪಿಟ್ಕೊಳ್ಳಿ, ಮತ್ತೆ ಬೇಕಾಗುತ್ತೆ.

ಒಬ್ಬೊಬ್ಬರಿಗೆ ಒಂದೊಂದು ತಂತಿ

ಮುಂದೆ ತಂತಿ ಬಂತು. ಟೆಲಿಗ್ರಾಫ್. 1864ರಲ್ಲಿ ಬೆಂಗಳೂರು ದಂಡಿನಿಂದ ಜೋಲಾರಪೇಟೆಗೆ ರೈಲು ಶುರುವಾಯ್ತು. ಅದೇ ನಮ್ಮ ಮಾಲೂರು, ಬಂಗಾರಪೇಟೆ ಮೇಲೆ ಹೋಗೋ ದಾರಿ. ಹಳಿ ಹೋದಲ್ಲೆಲ್ಲ ಪಕ್ಕದಲ್ಲೇ ರೈಲ್ವೆಯ ಸ್ವಂತ ತಂತಿ, ಯಾಕಂದ್ರೆ ಎದುರಿಂದ ಗಾಡಿ ಬರ್ತಿದೆಯಾ ಅಂತ ಕೇಳೋಕೆ ಬೇರೆಯವರ ಲೈನ್ ಖಾಲಿ ಆಗೋವರೆಗೆ ಕಾಯೋಕಾಗಲ್ಲ.

ಸ್ವಾತಂತ್ರ್ಯ ಬಂದ ಮೇಲೂ ಇದೇ ರೂಢಿ ಮುಂದುವರೀತು. ಪೊಲೀಸರಿಗೆ ಅವರದೇ ವೈರ್‌ಲೆಸ್. ಅರಣ್ಯದವರಿಗೆ ಅವರದ್ದು. ರೈಲ್ವೆಗೆ ಅವರದ್ದು. ವಿದ್ಯುತ್ ಮಂಡಳಿ ಹೈ ಟೆನ್ಷನ್ ತಂತಿಯ ಮೇಲೇ ಮಾತು ಕಳಿಸ್ಕೊಳ್ತಿತ್ತು. ಕಂದಾಯ ಇಲಾಖೆಗೆ? ಫೈಲು, ಜವಾನ, ಬಸ್ಸು. ಹೋಬಳಿಯಿಂದ ತಾಲೂಕಿಗೆ ಹೋಗೋ ಲೆಕ್ಕಪತ್ರ ಚೀಲದಲ್ಲೇ ಹೋಗ್ತಿತ್ತು.

ಬಿ.ಕಾಂ. ಓದಿರೋರಿಗೆ ಇಲ್ಲಿ ಏನು ತಪ್ಪಾಗ್ತಿದೆ ಅಂತ ತಕ್ಷಣ ಗೊತ್ತಾಗುತ್ತೆ. ಗುಂಡಿ ತೋಡೋದು, ಕಂಬ ನೆಡೋದು, ಟವರ್ ಎತ್ತೋದು, ಇದೆಲ್ಲ ಸ್ಥಿರ ವೆಚ್ಚ. ಒಬ್ಬನೇ ಬಳಸಿದ್ರೂ ಅಷ್ಟೇ ಖರ್ಚು, ಇಪ್ಪತ್ತು ಜನ ಬಳಸಿದ್ರೂ ಹೆಚ್ಚುಕಮ್ಮಿ ಅಷ್ಟೇ ಖರ್ಚು. ಇಪ್ಪತ್ತು ಇಲಾಖೆ ಇಪ್ಪತ್ತು ಸಲ ಗುಂಡಿ ತೋಡಿದ್ರೆ ದುಡ್ಡು ನಮ್ಮ ತೆರಿಗೆಯದ್ದೇ.

ಅಮೆರಿಕ ಈ ಪಾಠ ಕಲಿತದ್ದು ಭಯದಿಂದ. 1962ರಲ್ಲಿ ಕ್ಯೂಬಾ ಕ್ಷಿಪಣಿ ಬಿಕ್ಕಟ್ಟು. ಅಣುಯುದ್ಧ ಆಗುತ್ತೋ ಇಲ್ಲವೋ ಅನ್ನೋ ಹೊತ್ತಲ್ಲಿ ಸರ್ಕಾರದ ಸಂದೇಶಗಳು ತಲುಪೋಕೆ ಗಂಟೆಗಟ್ಟಲೆ ಆಗ್ತಿತ್ತು. ಮರುವರ್ಷ, 1963ರಲ್ಲಿ, ಅಧ್ಯಕ್ಷ ಕೆನಡಿ ಬೇರೆ ಬೇರೆ ಇಲಾಖೆಗಳ ಸಂಪರ್ಕ ಜಾಲಗಳನ್ನು ಒಟ್ಟಿಗೆ ಜೋಡಿಸೋ ರಾಷ್ಟ್ರೀಯ ವ್ಯವಸ್ಥೆ ಮಾಡಿದ್ರು. ಸಿವಿಲ್ ಕಚೇರಿಗಳಿಗಾಗಿ ಫೆಡರಲ್ ಟೆಲಿಕಮ್ಯುನಿಕೇಷನ್ಸ್ ಸಿಸ್ಟಮ್ ಬಂತು. 1988ರಲ್ಲಿ ಅದರ ಹೊಸ ಆವೃತ್ತಿಯ ಗುತ್ತಿಗೆ ಕೊಡುವಾಗ ಒಂದೇ ಕಂಪನಿಗೆ ಕೊಡಲಿಲ್ಲ. ಎಟಿ ಅಂಡ್ ಟಿಗೆ 60%, ಸ್ಪ್ರಿಂಟ್‌ಗೆ 40%. ಎಲ್ಲರೂ ಒಂದೇ ದಾರೀಲಿ ಹೋಗೋದಾದ್ರೆ ಎರಡನೇ ದಾರಿಯೂ ಇರಲಿ ಅನ್ನೋ ಲೆಕ್ಕ. ಈ 60-40 ಕೂಡ ನೆನಪಿರಲಿ.

ಆಕಾಶದಿಂದ ಇಳಿದ ನೆಟ್‌ವರ್ಕ್

ನಮ್ಮ ದೇಶದಲ್ಲಿ ಈ ಕೆಲಸ ಹಿಡಿದದ್ದು ಎನ್‌ಐಸಿ, ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ. ಶುರುವಾಗಿದ್ದು 1976ರಲ್ಲಿ. ಅದರ ಸ್ಥಾಪಕ ಮಹಾನಿರ್ದೇಶಕರು ಎನ್. ಶೇಷಗಿರಿ, ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿದವರು. ಆ ಕಾಲಕ್ಕೆ ಜಿಲ್ಲಾ ಕೇಂದ್ರಗಳಿಗೆ ಟ್ರಂಕ್ ಕಾಲ್ ಬುಕ್ ಮಾಡಿ ಕಾಯ್ಬೇಕಿತ್ತು. ಆ ಲೈನ್ ಮೇಲೆ ಕಂಪ್ಯೂಟರ್ ಡೇಟಾ ಕಳಿಸೋದು ಕನಸಿನ ಮಾತು. ಅದಕ್ಕೆ ಅವರು ನೆಲ ಬಿಟ್ಟು ಆಕಾಶ ಹಿಡಿದ್ರು. ಉಪಗ್ರಹ, ಜಿಲ್ಲಾ ಕಚೇರಿಯ ಚಾವಣಿ ಮೇಲೆ ಒಂದು ಸಣ್ಣ ಡಿಶ್. 80ರ ದಶಕದ ಕೊನೆಗೆ ನಿಕ್‌ನೆಟ್ ಅನ್ನೋ ಹೆಸರಲ್ಲಿ ದೆಹಲಿ, ರಾಜ್ಯ ರಾಜಧಾನಿ, ಜಿಲ್ಲೆ ಒಂದೇ ಜಾಲಕ್ಕೆ ಬಂದವು.

ಆದ್ರೆ ರೈತನಿಗೆ ಬೇಕಾದ ಕಾಗದ ಜಿಲ್ಲೆಯಲ್ಲಿ ಇರ್ತಿರಲಿಲ್ಲ. ಅದು ಹಳ್ಳಿಯಲ್ಲಿತ್ತು. ಮೊದಲು ಶಾನುಭೋಗರ ಕೈಯಲ್ಲಿ, 60ರ ದಶಕದಲ್ಲಿ ವಂಶಪಾರಂಪರ್ಯದ ಹುದ್ದೆಗಳು ರದ್ದಾದ ಮೇಲೆ ಗ್ರಾಮ ಲೆಕ್ಕಿಗರ ಕೈಯಲ್ಲಿ. ಪಹಣಿ ಬೇಕಾದ್ರೆ ಅವರನ್ನ ಹುಡುಕ್ಕೊಂಡು ಹೋಗ್ಬೇಕು, ಅವರು ಕೈಯಲ್ಲಿ ಬರೆದು ಕೊಡಬೇಕು. ಕೇಳಿದಷ್ಟು ಕೊಡಬೇಕಾದ ಸಂದರ್ಭವೂ ಇರ್ತಿತ್ತು, ಅದನ್ನ ನಮ್ಮ ಮನೆ ಹಿರಿಯರೇ ಹೇಳ್ತಾರೆ.

ಅದನ್ನ ಮುರಿದದ್ದು ‘ಭೂಮಿ’. 2000ದ ದಶಕದ ಶುರುವಿನಲ್ಲಿ, ಎಸ್.ಎಂ. ಕೃಷ್ಣ ಮುಖ್ಯಮಂತ್ರಿ ಆಗಿದ್ದಾಗ, ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಅವರ ನೇತೃತ್ವದಲ್ಲಿ, ಎನ್‌ಐಸಿ ಬರೆದ ಸಾಫ್ಟ್‌ವೇರ್‌ನಲ್ಲಿ, ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರ್‌ಗೆ ಹೋದವು. ಸುಮಾರು 67 ಲಕ್ಷ ರೈತರ ದಾಖಲೆ. 177 ತಾಲೂಕುಗಳಲ್ಲಿ ಕೌಂಟರ್. 15 ರೂಪಾಯಿ ಕೊಟ್ರೆ ಪ್ರಿಂಟ್. ಕೌಂಟರ್ ಶುರುವಾದ ತಾಲೂಕಿನಲ್ಲಿ ಕೈಬರಹದ ಪಹಣಿ ನಡೆಯಲ್ಲ ಅಂತ ಆದೇಶವೂ ಬಂತು.

ಅದೇ ಹೊತ್ತಿಗೆ ಖಜಾನೆ ಇಲಾಖೆಯೂ 200ಕ್ಕೂ ಹೆಚ್ಚು ಖಜಾನೆಗಳನ್ನು ಉಪಗ್ರಹದ ಮೂಲಕ ಜೋಡಿಸ್ತು. ಗಮನಿಸಿದ್ರಾ? ಕಂದಾಯಕ್ಕೆ ಒಂದು ವ್ಯವಸ್ಥೆ, ಖಜಾನೆಗೆ ಇನ್ನೊಂದು. ಮತ್ತೆ ಅದೇ ಹಳೇ ಕಥೆ, ಒಬ್ಬೊಬ್ಬರಿಗೆ ಒಂದೊಂದು ತಂತಿ.

ಮತ್ತೆ ಹಂಸ

2005ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ 3,334 ಕೋಟಿ ರೂಪಾಯಿಯ ಒಂದು ಯೋಜನೆಗೆ ಒಪ್ಪಿಗೆ ಕೊಡ್ತು. ಸ್ಟೇಟ್ ವೈಡ್ ಏರಿಯಾ ನೆಟ್‌ವರ್ಕ್. ಮೊದಲಕ್ಷರ ಜೋಡಿಸಿದ್ರೆ ‘ಸ್ವಾನ್’. ಸ್ವಾನ್ ಅಂದ್ರೆ ಹಂಸ. ಚಿಕ್ಕದೇವರಾಜರ ಅಂಚೆಗೆ ಮುನ್ನೂರು ವರ್ಷ ಕಳೆದ ಮೇಲೆ ಸರ್ಕಾರದ ಜಾಲಕ್ಕೆ ಮತ್ತೆ ಅದೇ ಹಕ್ಕಿಯ ಹೆಸರು. ಕಾಕತಾಳೀಯ, ಆದ್ರೂ ಖುಷಿಯಾಗುತ್ತೆ. ಕರ್ನಾಟಕದ್ದು ಕೆ-ಸ್ವಾನ್, ನೋಡಿಕೊಳ್ಳೋದು ರಾಜ್ಯದ ಇ-ಆಡಳಿತ ಕೇಂದ್ರ.

ವಿನ್ಯಾಸ ಸರಳ. ಒಂದು ಮರ ಅನ್ಕೊಳ್ಳಿ. ಬುಡ ರಾಜ್ಯ ಕೇಂದ್ರ, ಕೊಂಬೆ ಜಿಲ್ಲಾ ಕೇಂದ್ರ, ಟೊಂಗೆ ಬ್ಲಾಕ್, ಅಂದ್ರೆ ನಮ್ಮಲ್ಲಿ ತಾಲೂಕು. ಬುಡದಿಂದ ಟೊಂಗೆಗೆ ಹೋಗೋದು ಲಂಬ ಸಂಪರ್ಕ. ತಾಲೂಕಿನಲ್ಲಿ ಸಿಕ್ಕ ಸಂಪರ್ಕವನ್ನ ಅಕ್ಕಪಕ್ಕದ ಕಚೇರಿಗಳಿಗೆ, ಕಂದಾಯ, ಖಜಾನೆ, ಪೊಲೀಸ್, ಶಿಕ್ಷಣ, ಹೀಗೆ ಹಂಚೋದು ಅಡ್ಡ ಸಂಪರ್ಕ. ಕನಿಷ್ಠ ವೇಗ ಎಷ್ಟಿರಬೇಕಿತ್ತು ಗೊತ್ತಾ? 2 ಎಂಬಿಪಿಎಸ್. ನಿಮ್ಮ ಫೋನಲ್ಲಿ ತೆಗೆದ 5 ಎಂಬಿಯ ಒಂದು ಫೋಟೋ ಹೋಗೋಕೆ ಆ ವೇಗದಲ್ಲಿ 20 ಸೆಕೆಂಡ್. ಅದೂ ಒಬ್ಬರೇ ಬಳಸ್ತಿದ್ರೆ. ಹತ್ತು ಕಚೇರಿ ಒಟ್ಟಿಗೆ ಕೂತ್ರೆ ನೀವೇ ಲೆಕ್ಕ ಹಾಕಿ. 2005ಕ್ಕೆ ಅದು ಚಿಕ್ಕದಲ್ಲ, ಆಗ ಫೈಲಲ್ಲಿ ಬರೀ ಅಕ್ಷರ ಇರ್ತಿತ್ತು. ಸ್ಕ್ಯಾನ್, ಫೋಟೋ, ಬೆರಳಚ್ಚು ಎಲ್ಲ ಆಮೇಲೆ ಬಂದವು.

ಈಗ ವೇಮಗಲ್‌ಗೆ ಬರೋಣ. ಕೋಲಾರದಿಂದ ಎಚ್ ಕ್ರಾಸ್ ಕಡೆ ಹೋಗೋ ರಸ್ತೆಯಲ್ಲಿರೋ ನಮ್ಮೂರು ಹೋಬಳಿ ಕೇಂದ್ರ. 2008ರ ಕ್ಷೇತ್ರ ಮರುವಿಂಗಡಣೆವರೆಗೆ ವಿಧಾನಸಭಾ ಕ್ಷೇತ್ರವೂ ಹೌದು. ಮೊದಲು ಸಿ. ಬೈರೇಗೌಡರು, ಅವರು ತೀರಿಕೊಂಡ ಮೇಲೆ ಮಗ ಕೃಷ್ಣ ಬೈರೇಗೌಡರು ಇಲ್ಲಿಂದಲೇ ಗೆದ್ದಿದ್ದು. 2023ರಲ್ಲಿ ಅವರೇ ಕಂದಾಯ ಸಚಿವರಾದ್ರು. ಪಕ್ಕದ ನರಸಾಪುರದಲ್ಲಿ ಐಫೋನ್ ಜೋಡಿಸೋ ಕಾರ್ಖಾನೆ ಇದೆ. ಊರು ಈಗ ವೇಮಗಲ್-ಕುರುಗಲ್ ಪಟ್ಟಣ ಪಂಚಾಯಿತಿ.

ಇಷ್ಟೆಲ್ಲ ಇದ್ರೂ, ಆ ಮರದ ಚಿತ್ರದಲ್ಲಿ ವೇಮಗಲ್ ಎಲ್ಲಿದೆ ಹುಡುಕಿ. ಇಲ್ಲ. ಯಾಕಂದ್ರೆ ಸ್ವಾನ್ ನಕ್ಷೆ ರಾಜ್ಯ, ಜಿಲ್ಲೆ, ಬ್ಲಾಕ್ ಅಂತ ಮೂರೇ ಹಂತದ್ದು. ಹೋಬಳಿ ಅನ್ನೋ ಹಂತ ದೆಹಲಿಯ ಕಾಗದದಲ್ಲಿ ಇರಲಿಲ್ಲ. ನಮಗೋ, ಜಾತಿ ಪ್ರಮಾಣಪತ್ರ, ಆದಾಯ ಪ್ರಮಾಣಪತ್ರ, ವಿಧವಾ ವೇತನ, ವೃದ್ಧಾಪ್ಯ ವೇತನ, ಎಲ್ಲಕ್ಕೂ ಮೊದಲ ಬಾಗಿಲು ಹೋಬಳಿಯ ನಾಡಕಚೇರಿ. ರಾಜ್ಯದಲ್ಲಿ ಅಂಥವು 700ಕ್ಕೂ ಹೆಚ್ಚಿವೆ.

ಹಾಗಾಗಿ ಹೋಬಳಿಗೆ ಬೇರೆ ದಾರಿ ಹುಡುಕಬೇಕಾಯ್ತು. 2006ರಲ್ಲಿ ‘ನೆಮ್ಮದಿ’ ಕೇಂದ್ರಗಳು ಬಂದವು. ಖಾಸಗಿ ಸಂಸ್ಥೆಗಳ ಒಕ್ಕೂಟ ನಡೆಸ್ತಿತ್ತು, ಸಂಪರ್ಕಕ್ಕೆ ಡಿಶ್. 2012ರ ಹೊತ್ತಿಗೆ ಅದನ್ನ ನಿಲ್ಲಿಸಿ ಸರ್ಕಾರವೇ ‘ಅಟಲ್‌ಜೀ ಜನಸ್ನೇಹಿ ಕೇಂದ್ರ’ ಮಾಡ್ತು. ಈ ನಡುವೆ 2011ರ ಅಕ್ಟೋಬರ್‌ನಲ್ಲಿ ದೇಶದ ಸುಮಾರು ಎರಡೂವರೆ ಲಕ್ಷ ಗ್ರಾಮ ಪಂಚಾಯಿತಿಗಳಿಗೆ 100 ಎಂಬಿಪಿಎಸ್ ಆಪ್ಟಿಕಲ್ ಫೈಬರ್ ಕೊಡೋ ಯೋಜನೆಗೆ ಒಪ್ಪಿಗೆ ಸಿಕ್ತು. ಅದಕ್ಕೇ ಆಮೇಲೆ ಭಾರತ್‌ನೆಟ್ ಅಂತ ಹೆಸರು. ಅದರ ದಾರಿ ನೋಡಿ, ಬ್ಲಾಕ್‌ನಿಂದ ನೇರ ಗ್ರಾಮ ಪಂಚಾಯಿತಿಗೆ. ಮತ್ತೆ ನಡುವಿನ ಹೋಬಳಿ ನಕ್ಷೆಯಲ್ಲಿಲ್ಲ.

ಯಾರದೋ ಕೆಟ್ಟ ಉದ್ದೇಶ ಇದರಲ್ಲಿಲ್ಲ. ಇಡೀ ದೇಶಕ್ಕೆ ಒಂದೇ ಅಚ್ಚು ಮಾಡುವಾಗ ನಮ್ಮ ಕಡೆಯ ಒಂದು ಹಂತ ಅಚ್ಚಿನಿಂದ ಹೊರಗುಳೀತು, ಅಷ್ಟೇ. ಆದ್ರೆ ಸಾಲು ನಿಲ್ಲೋದು ಆ ಹಂತದಲ್ಲೇ.

99% ಅನ್ನೋ ಮೋಸವಿಲ್ಲದ ಮೋಸ

ಹಾಗಾದ್ರೆ ‘ಸರ್ವರ್ ಡೌನ್’ ಅಂದ್ರೆ ನಿಜಕ್ಕೂ ಏನು? ಕನಿಷ್ಠ ನಾಲ್ಕು ಬೇರೆ ಬೇರೆ ತೊಂದರೆಗೆ ಇದೊಂದೇ ಹೆಸರು. ಒಂದು, ಕಚೇರಿಯಲ್ಲಿ ಕರೆಂಟ್ ಇಲ್ಲ, ಯುಪಿಎಸ್ ಬ್ಯಾಟರಿ ಸತ್ತಿದೆ. ಎರಡು, ಕಚೇರಿಗೆ ಬರೋ ಲೈನ್ ಕಟ್ ಆಗಿದೆ, ರಸ್ತೆ ಅಗಲ ಮಾಡೋ ಜೆಸಿಬಿ ಫೈಬರ್ ಕಿತ್ತಿರಬಹುದು. ಮೂರು, ತಾಲೂಕಿನಿಂದ ಮೇಲಿನ ಹಂಚಿಕೆಯ ಜಾಲದಲ್ಲಿ ತೊಂದರೆ. ನಾಲ್ಕು, ಲೈನ್ ಚೆನ್ನಾಗೇ ಇದೆ, ಬೆಂಗಳೂರಿನ ಡೇಟಾ ಸೆಂಟರ್‌ನಲ್ಲಿರೋ ತಂತ್ರಾಂಶ ಒದ್ದಾಡ್ತಿದೆ. ನಿಜವಾದ ‘ಸರ್ವರ್ ಡೌನ್’ ಅಂದ್ರೆ ಈ ನಾಲ್ಕನೇದು ಮಾತ್ರ. ಕೌಂಟರ್‌ನಲ್ಲಿ ಕೂತವರಿಗೆ ನಾಲ್ಕೂ ಒಂದೇ ಥರ ಕಾಣುತ್ತೆ, ಪರದೆ ಮೇಲೆ ಸುತ್ತುತ್ತಾ ಇರೋ ಚಕ್ರ.

ನಾಲ್ಕಕ್ಕೂ ಜವಾಬ್ದಾರರು ಬೇರೆ ಬೇರೆ. ಹಂಚಿಕೊಂಡ ಜಾಲದ ಕಷ್ಟ ಇದೇ. ದುಡ್ಡು ಉಳಿಯುತ್ತೆ, ಹೊಣೆ ಹರಿದು ಹೋಗುತ್ತೆ.

ಸ್ವಾನ್ ಯೋಜನೆ ಮಾಡಿದವರು ಇದನ್ನ ಯೋಚಿಸದೆ ಇರಲಿಲ್ಲ. ಜಾಲ ನಡೆಸೋ ಕಂಪನಿಗೆ ಮೂರು ತಿಂಗಳಿಗೊಮ್ಮೆ ಹಣ, ಜಾಲ ಎಷ್ಟು ಹೊತ್ತು ಸರಿಯಾಗಿತ್ತು ಅಂತ ಅಳೆಯೋಕೆ ಮೂರನೇ ಸಂಸ್ಥೆಯ ಆಡಿಟ್, ಕಮ್ಮಿ ಆದ್ರೆ ಕಡಿತ, ಎಲ್ಲ ನಿಯಮದಲ್ಲಿತ್ತು. ಒಳ್ಳೇ ನಿಯಮವೇ. ಆದ್ರೆ ಲೆಕ್ಕ ಹಾಕಿ ನೋಡೋಣ. ಜಾಲ 99% ಸರಿ ಇದೆ ಅಂದ್ರೆ ಕೇಳೋಕೆ ಡಿಸ್ಟಿಂಕ್ಷನ್ ಥರ ಇದೆ. ವರ್ಷಕ್ಕೆ 365 ದಿನದ 1% ಅಂದ್ರೆ ಮೂರೂವರೆ ದಿನಕ್ಕಿಂತ ಹೆಚ್ಚು. ಆ ಮೂರೂವರೆ ದಿನ ಭಾನುವಾರ ರಾತ್ರಿ ಬಂದ್ರೆ ಯಾರಿಗೂ ಗೊತ್ತಾಗಲ್ಲ. ಜೂನ್‌ನಲ್ಲಿ, ಅಡ್ಮಿಷನ್ ಕೊನೇ ವಾರದಲ್ಲಿ, ಎಲ್ಲರೂ ಒಟ್ಟಿಗೆ ಲಾಗಿನ್ ಆಗುವಾಗ ಬಂದ್ರೆ? ವರದಿಯಲ್ಲಿ ಎರಡೂ ಒಂದೇ 99%.

ಎಲ್ಲ ಒಂದೇ ಕಡೆ ಇಟ್ಟಾಗ ಇನ್ನೊಂದು ಅಪಾಯ. 2025ರ ಜನವರಿಯಲ್ಲಿ ಆಸ್ತಿ ನೋಂದಣಿಯ ಕಾವೇರಿ 2.0 ಮೇಲೆ ಸೈಬರ್ ದಾಳಿ ಆಯ್ತು. ನಕಲಿ ಖಾತೆಗಳಿಂದ ಒಂದೇ ಸಮನೆ ಹುಡುಕಾಟದ ಕೋರಿಕೆ ಕಳಿಸಿ ವ್ಯವಸ್ಥೆಯನ್ನೇ ಉಸಿರುಗಟ್ಟಿಸಿದ್ರು. ಒಂದು ಊರಿನ ಸಬ್ ರಿಜಿಸ್ಟ್ರಾರ್ ಕಚೇರಿ ಅಲ್ಲ, ರಾಜ್ಯದ ಉದ್ದಗಲಕ್ಕೂ ನೋಂದಣಿ ಕುಂಟಿತು. ಹಿಂದೆ ಬೀರುಗೆ ಇಲಿ ಬಿದ್ರೆ ಒಂದು ಹೋಬಳಿಯ ದಾಖಲೆ ಹಾಳಾಗ್ತಿತ್ತು. ಅಮೆರಿಕದ 60-40 ಲೆಕ್ಕ ನೆನಪಾಗೋದು ಇಲ್ಲೇ.

ಕೊನೇ ಮೈಲಿ ಯಾರ ಜೇಬಲ್ಲಿದೆ?

2024ರ ಸೆಪ್ಟೆಂಬರ್‌ನಲ್ಲಿ ರಾಜ್ಯದ ಗ್ರಾಮ ಆಡಳಿತ ಅಧಿಕಾರಿಗಳು, ಅಂದ್ರೆ ಹಿಂದಿನ ಗ್ರಾಮ ಲೆಕ್ಕಿಗರು, ಮುಷ್ಕರಕ್ಕೆ ಕೂತ್ರು. ಅವರ ದೂರುಗಳಲ್ಲಿ ಒಂದು, ಮೊಬೈಲ್ ಆ್ಯಪ್‌ಗಳ ಮೇಲೆ ಆ್ಯಪ್ ಕೊಡ್ತೀರಿ, ಕೆಲಸ ಮಾಡೋಕೆ ಬೇಕಾದ ಸಲಕರಣೆ, ಸೌಲಭ್ಯ ಕೊಡಲ್ಲ ಅನ್ನೋದು. ಸಾವಿರಾರು ಕೋಟಿಯ ಜಾಲದ ಕೊನೆಯ ತುಂಡು ಹೊಲದ ಬದುವಿನ ಮೇಲೆ ನಿಂತಿರೋ ಒಬ್ಬ ನೌಕರನ ಫೋನು. ಅಂಚೆಯ ಓಟಗಾರನ ಜಾಗದಲ್ಲಿ ಈಗ ಅವರಿದ್ದಾರೆ.

ಜಾಲದ ಈ ತುದಿಯಲ್ಲಿ ನೀವು, ನಾನು. ನಮ್ಮ ಪರವಾಗಿ ಒಂದು ಕಾನೂನಿದೆ, ಸಕಾಲ. 2011ರ ಕಾಯ್ದೆ, 2012ರಲ್ಲಿ ರಾಜ್ಯದಾದ್ಯಂತ ಜಾರಿ. ಅರ್ಜಿ ಕೊಟ್ಟ ತಕ್ಷಣ ಒಂದು ಜಿಎಸ್‌ಸಿ ಸಂಖ್ಯೆ ಸಿಗುತ್ತೆ. ಗೊತ್ತುಪಡಿಸಿದ ದಿನದೊಳಗೆ ಕೆಲಸ ಆಗದಿದ್ರೆ ದಿನಕ್ಕೆ 20 ರೂಪಾಯಿ, ಗರಿಷ್ಠ 500 ರೂಪಾಯಿವರೆಗೆ ಪರಿಹಾರ ಕೇಳಬಹುದು. ಮೊತ್ತ ಚಿಕ್ಕದು, ಆದ್ರೆ ತಡ ಮಾಡಿದ್ದು ಅವರ ತಪ್ಪು ಅಂತ ಸರ್ಕಾರವೇ ಬರೆದು ಕೊಟ್ಟ ಹಾಗೆ.

ಈಗ ನಮ್ಮಪ್ಪನ ಮೂರು ದಿನ ನೆನೆಸ್ಕೊಳ್ಳಿ. ಗಡಿಯಾರ ಶುರುವಾಗೋದು ಜಿಎಸ್‌ಸಿ ಸಂಖ್ಯೆ ಬಂದ ಮೇಲೆ. ಆ ಸಂಖ್ಯೆ ಬರೋದು ಕಂಪ್ಯೂಟರ್‌ನಿಂದ. ಜಾಲವೇ ಇಲ್ಲದಿದ್ರೆ ಸಂಖ್ಯೆ ಇಲ್ಲ. ಸಂಖ್ಯೆ ಇಲ್ಲದಿದ್ರೆ ಅರ್ಜಿಯೇ ಇಲ್ಲ. ಅರ್ಜಿ ಇಲ್ಲದಿದ್ರೆ ತಡವೂ ಇಲ್ಲ. ಮೂರು ದಿನ ಬಾಗಿಲಿಗೆ ಬಂದು ಹೋದ ಮನುಷ್ಯ ಸರ್ಕಾರದ ಲೆಕ್ಕದಲ್ಲಿ ಬಂದೇ ಇಲ್ಲ.

ನನಗೆ ಬೇಕಾಗಿರೋದು ದೊಡ್ಡ ತಂತ್ರಜ್ಞಾನ ಅಲ್ಲ. ಪ್ರತಿ ಕೌಂಟರ್‌ನಲ್ಲಿ ಒಂದು ಪುಸ್ತಕ. ಸಂಪರ್ಕ ಇಲ್ಲದ ದಿನ ಬಂದವರ ಹೆಸರು, ಹೊತ್ತು, ಯಾವ ಕೆಲಸ ಅಂತ ಬರೆದು, ಸೀಲ್ ಹಾಕಿ ಒಂದು ಚೀಟಿ ಕೊಡಲಿ. ಆ ಚೀಟಿ ತೋರಿಸಿದ್ರೆ ಕೊನೇ ದಿನಾಂಕ ಅಷ್ಟು ದಿನ ಮುಂದಕ್ಕೆ ಹೋಗಲಿ. ಕಂಪನಿಗೆ ಹಣ ಕೊಡೋ ಮೊದಲು ಆಡಿಟ್‌ನವರು ರೂಟರ್ ಜೊತೆಗೆ ಆ ಪುಸ್ತಕವನ್ನೂ ನೋಡಲಿ. ಒಂದು ಪಹಣಿಗೆ ಒಂದು ದಿನದ ಕೂಲಿ ಬಿಟ್ಟು ಬಂದವರ ಖರ್ಚು ಯಾವುದಾದ್ರೂ ಒಂದು ಲೆಕ್ಕದ ಪುಸ್ತಕದಲ್ಲಿ ಕಾಣಬೇಕಲ್ವಾ?

ಈ ವರ್ಷ ನಿಮ್ಮ ತಮ್ಮನಿಗೋ ತಂಗಿಗೋ ಪ್ರಮಾಣಪತ್ರ ಬೇಕಿದ್ರೆ ಕೊನೇ ವಾರದವರೆಗೆ ಕಾಯಬೇಡಿ, ಈಗಲೇ ಮಾಡಿಸಿ. ಅರ್ಜಿ ಕೊಟ್ಟಾಗ ಜಿಎಸ್‌ಸಿ ಸಂಖ್ಯೆ ಕೇಳಿ ಇಟ್ಕೊಳ್ಳಿ. ‘ಸರ್ವರ್ ಡೌನ್’ ಅಂದ್ರೆ, ಸಿಟ್ಟು ಮಾಡ್ಕೊಳ್ಳದೆ, ಒಂದು ಪ್ರಶ್ನೆ ಕೇಳಿ: “ಅಣ್ಣ, ಕರೆಂಟಾ, ಲೈನಾ, ತಾಲೂಕಾ, ಬೆಂಗಳೂರಾ?” ಅವರಿಗೂ ಉತ್ತರ ಗೊತ್ತಿರಲ್ಲ. ಆದ್ರೆ ದಿನಕ್ಕೆ ಐವತ್ತು ಜನ ಅದೇ ಕೇಳಿದ್ರೆ, ಅವರು ಮೇಲಿನವರನ್ನ ಕೇಳ್ತಾರೆ.

ಅಂದ ಹಾಗೆ, ಅಪ್ಪ ಈಗಲೂ ಕಚೇರಿಗೆ ಹೊರಡೋ ಮೊದಲು ನನಗೆ ಫೋನ್ ಮಾಡಿ ಕೇಳ್ತಾರೆ, “ಸರ್ವರ್ ಬಂದಿದೆಯಾ ನೋಡಪ್ಪ.”

ಮುಂದಿನ ಸಂಚಿಕೆಯಲ್ಲಿ ಸಿಗೋಣ.